ಅತ್ತೆ ಎತ್ತಿದ ಕೈ

ನನ್ನ ಕೆಲಸ ತೆಗೆಯಲು ನನ್ನ ಅತ್ತೆಯೇ ಕೈ ಎತ್ತಿದರು ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಅತ್ತೆ ಸೊಸೆ ಎಂದ ಕೂಡಲೇ ಎಲ್ಲರಿಗೂ ಅದೇ ನೆನಪಾಗುವುದು. ಹಾಗೇನಿಲ್ಲ. ಅವರು ಕೈ ಎತ್ತಿದ್ದು ಕೊಡೆಯ ಆಸೆಗೆ.

ನಾನು ಕೊಡೆ ಕಂಪನಿಯಲ್ಲಿ ಕೊಡೆ ಬಿಚ್ಚುವವಳು. ಹೊಲಿದು ಬಂದ ಪ್ರತಿ ಕೊಡೆಯನ್ನೂ ಬಿಚ್ಚಿ, ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮುಚ್ಚಬೇಕು. ಕಡ್ಡಿ ಸಡಿಲವಾಗಿದ್ದರೆ, ಇಲ್ಲವೇ ಗುಂಡಿ ಹಿಡಿಯದೆ ದಬಕ್ಕನೆ ತಲೆಯ ಮೇಲೆ ಮುಚ್ಚಿಕೊಂಡರೆ, ಪಕ್ಕಕ್ಕೆ ಇಡಬೇಕು. ಸಂಜೆಯ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತದೆ. ಮನೆ ಬಾಡಿಗೆ ಹುಟ್ಟುವುದು ಈ ರಟ್ಟೆಯಿಂದಲೇ. ಗಂಡನ ಸಂಬಳ ಊಟಕ್ಕೆ ಸರಿಹೋಗುತ್ತದೆ. ಅತ್ತೆಗೆ ಮಾತ್ರ ಇದೊಂದು ಕೆಲಸ ಅನ್ನಿಸಿದ್ದೇ ಇಲ್ಲ.

"ಇಡೀ ದಿನ ಕೊಡೆ ಬಿಚ್ಚಿ ಮುಚ್ಚಿ ಆಡೋದಕ್ಕೂ ಸಂಬಳ ಕೊಡ್ತಾರಲ್ಲೇ! ಪುಣ್ಯ ಮಾಡಿದ್ದೆ ಬಿಡು," ಎನ್ನುತ್ತಾರೆ.

ಅವರಿಗೂ ಈ ಕಂಪನಿಯಲ್ಲಿ ಪಾಲಿದೆ. ಮಾವ ಸಾಯುವ ಮುಂಚೆ ಯಾರದೋ ಮಾತು ಕೇಳಿ ಚೂರುಪಾರು ಷೇರು ಕೊಂಡಿದ್ದರು. ಅದರ ಲಾಭ ಹುಡುಕಲು ಭೂತಗನ್ನಡಿ ಬೇಕು. ಆದರೆ ವರ್ಷಕ್ಕೊಮ್ಮೆ ಷೇರುದಾರರ ಸಭೆ ನಡೆಯುತ್ತದೆ, ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಕೊಡೆ ಕೊಡುತ್ತಾರೆ. ಅಧ್ಯಕ್ಷರು ಏನೇ ಓದಲಿ, ಬೇಗ ಕೈ ಎತ್ತಿದರೆ ಸಭೆ ಬೇಗ ಮುಗಿದು ಕೊಡೆ ಬೇಗ ಸಿಗುತ್ತದೆ ಎಂಬುದನ್ನು ಅತ್ತೆ ಎಂದೋ ಕಂಡುಕೊಂಡಿದ್ದರು. ಸಭೆಗೆ ಬರುವ ಮುದುಕ ಮುದುಕಿಯರಿಗೆಲ್ಲ ಇದನ್ನು ಕಲಿಸಿದವರೂ ಅವರೇ.

ಈ ವರ್ಷ ಸಭೆಗೆ ಕೋಟು ಬಂದಿತ್ತು. ಕೋಟು ಎಂದರೆ ನಮ್ಮ ಕಂಪನಿಯ ಬಹುಪಾಲು ಷೇರು ಕೊಂಡ ದೊಡ್ಡ ಹೂಡಿಕೆದಾರರ ಕಡೆಯ ಮನುಷ್ಯ. ಎಂಥ ಸೆಕೆಯಲ್ಲೂ ಕೋಟು ಕಳಚದ್ದಕ್ಕೆ ನಾವಿಟ್ಟ ಹೆಸರು ಅದು. ಜನ ಕಡಿಮೆ ಮಾಡಿ, ಸಂಬಳ ಕಡಿಮೆ ಮಾಡಿ, ಲಾಭ ತೋರಿಸಿ ಎಂದು ತಿಂಗಳುಗಟ್ಟಲೆ ಅಧ್ಯಕ್ಷರ ಬೆನ್ನು ಬಿದ್ದಿತ್ತು. ಅಧ್ಯಕ್ಷರು ಮೊದಮೊದಲು ನಮ್ಮ ಪರ ವಾದ ಮಾಡಿದರಂತೆ. ಆಮೇಲೆ ಅವರ ಕುರ್ಚಿಯೇ ಅಲ್ಲಾಡತೊಡಗಿತು, ವಾದ ನಿಂತಿತು.

ನಾನು ಸಭಾಂಗಣದ ಹಿಂದುಗಡೆ, ಉಡುಗೊರೆಯ ಮೇಜಿನ ಹತ್ತಿರ ಇದ್ದೆ. ಪುಕ್ಕಟೆ ಕೊಡೆಯಾದರೂ ಸರಿ, ಬಿಚ್ಚಿ ನೋಡದೆ ಯಾರ ಕೈಗೂ ಕೊಡಬಾರದು, ಅದು ನಮ್ಮಲ್ಲಿನ ಪದ್ಧತಿ. ಕೆಟ್ಟದ್ದನ್ನು ಮೇಜಿನ ಕೆಳಗೆ ತಳ್ಳುತ್ತಿದ್ದೆ.

ಕೋಟು ಎದ್ದು ನಿಂತಿತು. "ಹೊಲಿದ ಕೊಡೇನ ಬಿಚ್ಚಿ ನೋಡೋಕೆ ಅಂತಲೇ ಒಂದು ವಿಭಾಗ! ಮಳೆ ಬಂದಾಗ ಗಿರಾಕಿಯೇ ಬಿಚ್ಚಿ ನೋಡ್ಕೊಳ್ಳಲ್ವಾ?"

ಅಧ್ಯಕ್ಷರು ತಲೆ ತಗ್ಗಿಸಿ ಓದಿದರು: "ಪರಿಶೀಲನಾ ವಿಭಾಗದ ಮುಕ್ತಾಯ ಹಾಗೂ ಉಳಿದ ಸಿಬ್ಬಂದಿಯ ವೇತನದ ಮರುಹೊಂದಾಣಿಕೆ. ಒಪ್ಪುವವರು ಕೈ ಎತ್ತಬೇಕು."

ಪರಿಶೀಲನಾ ವಿಭಾಗ ಎಂದರೆ ಕೊಡೆ ಬಿಚ್ಚುವ ನಾವು. ಕತ್ತು ಕೊಯ್ಯುವುದಕ್ಕೂ ಎಂಥ ಚೆಂದದ ಮಾತು! ಮುಂದಿನ ಸಾಲಿನಲ್ಲಿ ಪಕ್ಕದ ಮುದುಕಿಯ ಮಂಡಿನೋವು ವಿಚಾರಿಸುತ್ತಿದ್ದ ಅತ್ತೆ, ಮಾತು ನಿಲ್ಲಿಸದೆಯೇ ಕೈ ಎತ್ತಿದರು. ಅವರನ್ನು ನೋಡಿ ಮುದುಕ ಮುದುಕಿಯರೆಲ್ಲ ಎತ್ತಿದರು. ಆಮೇಲೆ ಅತ್ತೆ, ಎತ್ತಿದ ಕೈ ಎತ್ತಿಕೊಂಡೇ, ಕೊಡೆಗಳ ಕಡೆ ತಿರುಗಿ ನೋಡಿದರು. ನನ್ನ ಎರಡೂ ಕೈಯಲ್ಲಿ ಕೊಡೆ. ಬೇಡ ಬೇಡ ಎಂದು ಜೋರಾಗಿ ತಲೆ ಅಲ್ಲಾಡಿಸಿದೆ. ಕೊಡೆ ಸಾಲುವುದಿಲ್ಲ ಎಂದು ಸೊಸೆ ಸನ್ನೆ ಮಾಡುತ್ತಿದ್ದಾಳೆ ಅಂದುಕೊಂಡು, ಪುಣ್ಯಾತ್ಗಿತ್ತಿ ಗಾಬರಿಯಲ್ಲಿ ಎರಡನೆಯ ಕೈಯನ್ನೂ ಎತ್ತಿಬಿಟ್ಟರು!

"ಅತ್ತೇ! ಕೈ ಇಳಿಸಿ!" ಕಿರುಚಿಬಿಟ್ಟೆ. "ತೆಗೀತಿರೋದು ನನ್ನನ್ನ!"

ಸಭೆಯೆಲ್ಲ ನನ್ನ ಕಡೆ ತಿರುಗಿತು. ಅತ್ತೆಯ ಮುಖ ಬಿಳಿಚಿಕೊಂಡಿತು. ಸೆರಗು ಬಿಗಿದು ಎದ್ದು ನಿಂತರು.

"ನಾನು ಒಪ್ಪಲ್ಲ. ನನ್ನ ಕೈ ವಾಪಸ್ ತಗೊಂಡೆ, ಎರಡೂ! ಈ ಹುಡುಗಿ ದುಡಿಯೋದ್ರಿಂದಲೇ ಕಣ್ರೀ ನಮ್ಮ ತಲೆ ಮೇಲೆ ಸೂರಿರೋದು."

ಇಷ್ಟು ವರ್ಷದಲ್ಲಿ ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಕೋಟು ನಕ್ಕಿತು. "ಅಜ್ಜಿ, ಸುಮ್ನೆ ಕೂತ್ಕೊಳ್ಳಿ. ನೀವು ಎತ್ತಿದ್ರೂ ಒಂದೇ, ಇಳಿಸಿದ್ರೂ ಒಂದೇ. ನಮ್ಮ ಷೇರೊಂದೇ ಸಾಕು."

"ಹಾಗಾದ್ರೆ ಇಷ್ಟು ವರ್ಷ ನಮ್ಮ ಕೈಲಿ ಯಾಕಪ್ಪಾ ಕೈ ಎತ್ತಿಸಿದ್ರಿ?"

ಅಧ್ಯಕ್ಷರು ನೀರು ಕುಡಿದರು. ತೀರ್ಮಾನ ಪಾಸಾಯಿತು.

ಸಭೆ ಮುಗಿಯುವ ಹೊತ್ತಿಗೆ ಹೊರಗೆ ಮಳೆ ಹಿಡಿದಿತ್ತು. ಅತ್ತೆಗೆ ಒಂದು ಒಳ್ಳೆಯ ಕೊಡೆ ನೋಡಿ ಕೊಟ್ಟೆ. ಅಷ್ಟರಲ್ಲಿ ಕೋಟು ನನ್ನ ಮೇಜಿಗೇ ಬಂತು.

"ಒಂದು ಕೊಡಮ್ಮ. ಡ್ರೈವರ್ ಕಾರು ಎಲ್ಲೋ ದೂರ ನಿಲ್ಲಿಸಿದ್ದಾನೆ."

ಬಗ್ಗಿ ಮೇಜಿನ ಕೆಳಗಿನದೊಂದು ತೆಗೆದು, ಬಾಯಿ ತುಂಬ ನಕ್ಕು ಕೊಟ್ಟೆ.

"ಎಲ್ಲರದನ್ನೂ ಬಿಚ್ಚಿ ನೋಡಿ ಕೊಡ್ತಿದ್ದೆಯಲ್ಲ, ಇದನ್ನ?"

"ಆ ವಿಭಾಗ ಈಗಷ್ಟೇ ಮುಚ್ಚಿತಲ್ಲ ಸಾರ್. ನೀವೇ ನೋಡ್ಕೊಳ್ಳಿ."

ಬಾಗಿಲಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಅವರ ಕೊಡೆಯೊಳಗೆ ನನ್ನನ್ನೂ ಎಳೆದುಕೊಂಡರು.

"ನಿನ್ನ ಹೊಟ್ಟೆ ಮೇಲೆ ನಾನೇ ಹೊಡೆದ್ನಲ್ಲೇ..."

"ನಿಮ್ಮ ಕೈಯಲ್ಲಿ ಏನೂ ಇರ್ಲಿಲ್ಲ ಅತ್ತೆ. ಅವನೇ ಹೇಳಿದ್ನಲ್ಲ. ಬಾಡಿಗೆಗೆ ಏನಾದ್ರೂ ಮಾಡೋಣ, ಅಳಬೇಡಿ. ಮೊದಲು ಅಲ್ಲಿ ನೋಡಿ."

ರಸ್ತೆಯ ನಡುವೆ ಕೋಟು ನಿಂತಿತ್ತು. ಕೊಡೆ ದಬಕ್ಕನೆ ಮುಚ್ಚಿಕೊಂಡು ಭುಜದವರೆಗೆ ನುಂಗಿತ್ತು. ಒಳಗಿನಿಂದ ಡ್ರೈವರನನ್ನು ಕೂಗುವ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮಳೆಗೆ ಬಂದು, ಕೋಟಿನ ಕಡೆ ತಿರುಗಿ, "ನಿನ್ನ ಮನೆ ಹಾಳಾಗ!" ಎಂದು ಎರಡೂ ಕೈ ಎತ್ತಿದರು. ಈ ಸಲ ವಿಷಯ ಏನೆಂದು ತಿಳಿದೇ ಎತ್ತಿದ್ದರು.