ಅರುಂಧತಿ ಕಾಣದ ಸಂಜೆ

ಚೆನ್ನೈ ವಡಪಳನಿಯ ನಮ್ಮ ಫ್ಲಾಟಿನ ತಾರಸಿಯಲ್ಲಿ ಶನಿವಾರ ಸಂಜೆ ಸುಮೇಧಾ ನಕ್ಷತ್ರ ತೋರಿಸುತ್ತಾಳೆ. ಕೆಳಗಿನ ಮನೆಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ದುರ್ಬೀನು ಗಿರ್ಬೀನು ಏನೂ ಇಲ್ಲ. ಮೊಬೈಲು ಮುಚ್ಚಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕೂರಬೇಕು. ಮಸುಕಾದ ಚುಕ್ಕಿಯನ್ನು ನೇರ ದಿಟ್ಟಿಸದೆ ಅದರ ಪಕ್ಕಕ್ಕೆ ನೋಡಬೇಕು. ಹಾಗೆ ನೋಡಿಯೇ ಏಪ್ರಿಲ್‌ನಲ್ಲಿ ನಾನು ಉತ್ತರದ ಸಪ್ತರ್ಷಿಗಳಲ್ಲಿ ವಸಿಷ್ಠನನ್ನೂ ಅವನಿಗೆ ಅಂಟಿಕೊಂಡ ಅರುಂಧತಿಯನ್ನೂ ಕಂಡಿದ್ದೆ.

ಮೇ ತಿಂಗಳಲ್ಲಿ ನಮ್ಮ ಯಜಮಾನರು, ಅವರು ದುಡಿದ ಹೋಟೆಲಿನವರಿಗೆಲ್ಲ ಶೀನಣ್ಣ, ಕೀಲ್ಪಾಕಿನ ಆಸ್ಪತ್ರೆಯಿಂದ ಮನೆಗೆ ಬಂದರು. ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ನನಗೆ ಹೇಳಿದಾಗ ಪಕ್ಕದಲ್ಲಿದ್ದವಳು ಸುಮೇಧಾ ಒಬ್ಬಳೇ. ಯಜಮಾನರಿಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ.

ಆ ಶನಿವಾರ ಅವರೇ ಮೇಲೆ ಬರುತ್ತೇನೆಂದರು. ಯಾರೂ ಹೇಳದೆಯೇ ಸುಮೇಧಾ ಕುರ್ಚಿಗೆ ದಿಂಬು ಹಾಕಿಟ್ಟಿದ್ದಳು.

"ಅರುಂಧತಿ ಯಾವುದು ಮಗಾ? ಆಯುಸ್ಸು ಮುಗಿದವನಿಗೆ ಅದು ಕಾಣುವುದಿಲ್ಲ ಅಂತ ನಮ್ಮ ಅಜ್ಜ ಹೇಳ್ತಿದ್ರು. ನೋಡಿಯೇ ಬಿಡುವ."

ಸುಮೇಧಾ ಉತ್ತರಕ್ಕೆ ಕೈ ಚಾಚಿ ತೋರಿಸಿದಳು. ಅವರು ನೇರ ನೋಡಿದರು, ಪಕ್ಕಕ್ಕೆ ನೋಡಿದರು, ಕನ್ನಡಕ ಒರೆಸಿಕೊಂಡು ನೋಡಿದರು.

"ಒಂದೇ ಉಂಟು. ನಿಂಗೆ ಕಾಣ್ತದಾ?"

ನನಗೆ ಕಾಣುತ್ತಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು.

"ಇಲ್ಲ ಮಾರಾಯ್ರೆ," ಎಂದೆ.

"ಎನಕ್ಕುಂ ತೆರಿಯಲೆ ಮಾಮಾ," ಎಂದಳು ಸುಮೇಧಾ. ಅವಳಿಗೆ ಗಾಬರಿಯಾದರೆ ತಮಿಳೇ ಬರುವುದು. "ನನಗೂ ಕಾಣ್ತಿಲ್ಲ. ಎಲ್ಲಾ ಈ ಮೆಟ್ರೋ ಲೈಟು."

"ನಂಗೆ ಚಂದ್ರನೇ ಎರಡು ಕಾಣೋದು, ಬಿಡಿ," ಎಂದರು ಕಣ್ಣಿಗೆ ಪೊರೆ ಬಂದ ಪಕ್ಕದ ಮನೆಯ ಜಾನಕಮ್ಮ.

ಯಜಮಾನರು ನಕ್ಕುಬಿಟ್ಟು ನನ್ನತ್ತ ತಿರುಗಿದರು. "ಅಲ್ಲ ಮಾರಾಯ್ತಿ, ಮದುವೆ ದಿನ ಮಟಮಟ ಮಧ್ಯಾಹ್ನ ಭಟ್ರು ಇದನ್ನೇ ತೋರಿಸಿದಾಗ ಕಂಡಿತು ಅಂದಿದ್ದಿಯಲ್ಲ?"

"ಆಗ ಭಟ್ರಿಗೆ ಹಸಿವಾಗಿತ್ತು," ಎಂದೆ.

ತಾರಸಿಯಲ್ಲಿದ್ದವರೆಲ್ಲ ನಕ್ಕರು. ಗಂಡಾಂತರ ಕಳೆಯಿತು ಅಂದುಕೊಂಡೆ.

ಮೆಟ್ಟಿಲಿಳಿಯುವಾಗ ಅವರು ನನ್ನ ಭುಜ ಹಿಡಿದು ನಿಂತರು. "ಅವತ್ತು ಕಂಡಿತು ಅನ್ನುವಾಗಲೂ ನೀನು ಹೀಗೇ ಸೆರಗು ಸುತ್ತುತ್ತಿದ್ದಿ," ಎಂದರು.

ನೋಡಿಕೊಂಡೆ. ಸೆರಗಿನ ತುದಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ಆ ಹುಡುಗಿಗೆ ಹೇಳಬೇಡ. ಪಾಪ, ನನಗೋಸ್ಕರ ಸುಳ್ಳು ಹೇಳಿತು."

ಜುಲೈ ಕೊನೆಗೆ, ಇಲ್ಲಿಯವರ ಆಡಿ ತಿಂಗಳಲ್ಲಿ, ಅವರು ಹೋದರು. ಮಾಮಾ ನಮ್ಮ ಮಾತು ನಂಬಿಕೊಂಡೇ ಹೋದರು ಎಂಬುದು ಸುಮೇಧಾಳಿಗೆ ದೊಡ್ಡ ಸಮಾಧಾನ. ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಶನಿವಾರ ಬಾಗಿಲು ತಟ್ಟಿ ನನ್ನನ್ನು ಮೇಲೆ ಕರೆದೊಯ್ಯುತ್ತಾಳೆ. ಅದೇ ಕುರ್ಚಿ, ಅದೇ ದಿಂಬು. ಕುರ್ಚಿಯನ್ನು ಮಾತ್ರ ಉತ್ತರಕ್ಕೆ ಬೆನ್ನಾಗುವಂತೆ ತಿರುಗಿಸಿಟ್ಟಿರುತ್ತಾಳೆ.