ಬಾಯಾರಿದ ಗಿಡ

ಗೇಟಿನ ಚಿಲಕವನ್ನು ಒಳಗಿನಿಂದ ಅದುಮಿ ಹಿಡಿದು ಮಗ ಹೇಳಿದ, “ನೀವು ಅಲ್ಲೇ ಇರಿ. ಅಪ್ಪನ್ನ ಎತ್ತೋಕೆ ನಮ್ಮೋರೇ ಇದಾರೆ.”

ಆಚೆ ನಿಂತಿದ್ದ ಪಕ್ಕದ ಮನೆಯ ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣು ಗೇಟಿನ ಪಕ್ಕದ ಬೋಗನ್‌ವಿಲ್ಲಾ ಪೊದೆಯ ಮೇಲಿತ್ತು. ಬಂದವರೆಲ್ಲರ ಕಣ್ಣೂ ಅಲ್ಲೇ. ಯಜಮಾನ ಮನೆಯಲ್ಲಿದ್ದಷ್ಟು ಕಾಲ ಬರೀ ಎಲೆ ತೋರಿಸಿದ್ದ ಗಿಡ, ಹೆಂಡತಿಯನ್ನು ಜೊತೆಗಿಟ್ಟುಕೊಂಡು ಅವನು ಆಸ್ಪತ್ರೆ ಸೇರಿದ ಮೇಲೆ ಎಲೆಯೇ ಕಾಣದಂತೆ ಕೆಂಪಗೆ ಅರಳಿತ್ತು.

“ನೋಡಿ, ಅಣ್ಣ ಆ ಕಡೆ ಹೋದ, ಈ ಕಡೆ ಹೂವು!” ಎಂದಳು ಸತ್ತವನ ತಂಗಿ, ಬೀದಿಗೆಲ್ಲ ಕೇಳುವ ಪಿಸುದನಿಯಲ್ಲಿ. “ದರ್ಜಿ ಮೇಲೆ ಅವ್ನು ಸುಮ್ನೆ ಅನುಮಾನ ಪಟ್ಟಿದ್ನಾ?”

“ಭಾವ ಇಲ್ದಿದ್ಮೇಲೆ ಯಾರ ಹೊಟ್ಟೆ ಉರಿಸೋದು ಅಂತ ನೀರು ಹಾಕೋದು ನಿಲ್ಸಿದಾನೆ,” ಎಂದ ಭಾವಮೈದ. ಆಮೇಲೆ ಮೂಗಿನ ತುದಿಗೆ ಕನ್ನಡಕ ಇಳಿಸಿ, ಸತ್ತವನದೇ ಗಡಸು ದನಿಯಲ್ಲಿ, “ಟಿಕೆಟ್ ತೋರ್ಸಯ್ಯಾ!” ಎಂದ. ನಕ್ಕವರು ಕೆಮ್ಮಿ ಮುಚ್ಚಿಕೊಂಡರು.

ಮೆಟ್ಟಿಲ ಮೇಲೆ ಕೂತಿದ್ದ ಸತ್ತವನ ಹೆಂಡತಿ ನಗಲೂ ಇಲ್ಲ, ಅಳಲೂ ಇಲ್ಲ.

*

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು ಯಜಮಾನ. ಕೆಲಸದಿಂದ ನಿವೃತ್ತನಾದ, ಅನುಮಾನದಿಂದ ಆಗಲಿಲ್ಲ. ಹಾಲಿನವನನ್ನೂ ಅಡಿಯಿಂದ ಮುಡಿವರೆಗೆ ತಪಾಸಣೆ ಮಾಡಿಯೇ ಒಳಗೆ ಬಿಡುತ್ತಿದ್ದ.

“ಇದನ್ನ ಬಾಯಾರಿಸ್ಬೇಕು ಸಾರ್,” ಎಂದಿದ್ದ ಗಿಡ ಮಾರಿದವನು. “ಎಲೆ ಜೋತುಬಿದ್ಮೇಲೇ ನೀರು. ದಿನಾ ಹಾಕಿದ್ರೆ ಬರೀ ಸೊಪ್ಪು.”

ಅವನು ಹಾಗೇ ಬಾಯಾರಿಸಿದ. ಆದರೆ ಬೆಳಗೆದ್ದು ಬುಡಕ್ಕೆ ಬೆರಳು ಚುಚ್ಚಿದರೆ ಒದ್ದೆ ಮಣ್ಣು. ಗೋಡೆಯತ್ತ ತಿರುಗಿ ಕೂಗುತ್ತಿದ್ದ: “ನನ್ ಗಿಡಕ್ಕೆ ನೀರು ಕುಡಿಸೋನಿಗೆ ನಾನು ನೀರು ಕುಡಿಸ್ತೀನಿ!”

ಗೋಡೆಯಾಚೆ ಹೊಲಿಗೆ ಯಂತ್ರ ಒಂದು ಗಳಿಗೆ ತಡೆದು, ಮತ್ತೆ ಓಡುತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ತಲೆಯೆತ್ತದೆ ಪಾತ್ರೆ ಉಜ್ಜುತ್ತಿದ್ದಳು. ಮನೆಯೊಳಗಿನವರ ಟಿಕೆಟ್ ಕೇಳಬೇಕೆಂದು ಅವನಿಗೆ ಎಂದೂ ಹೊಳೆಯಲಿಲ್ಲ.

ಜೋತುಬಿದ್ದ ಎಲೆ ಕಂಡರೆ ಅವಳದೇ ಗಂಟಲು ಒಣಗುತ್ತಿತ್ತು. ಒಮ್ಮೆ, ಇನ್ನೂ ಬೆಳಕು ಹರಿಯುವ ಮೊದಲು, ಗೋಡೆಯಾಚೆ ಹಲ್ಲುಜ್ಜುತ್ತಿದ್ದ ದರ್ಜಿ ಅವಳನ್ನು, ಅವಳ ಕೈಯ ಚೊಂಬನ್ನು ನೋಡಿದ. ಮುಖ ಆಚೆ ತಿರುಗಿಸಿಕೊಂಡ. ಅವತ್ತೂ ಬೈಗುಳ ತಿಂದ.

*

“ಎತ್ತೋಕೆ ಒಬ್ರು ಕಮ್ಮಿ ಇದೀರಲ್ಲ, ಹೊತ್ತಾಯ್ತು,” ಎಂದ ಶವದ ಗಾಡಿಯವನು.

ಭಾವಮೈದ ಸೊಂಟ ಹಿಡಿದುಕೊಂಡ. ದರ್ಜಿ ಒಂದು ಹೆಜ್ಜೆ ಮುಂದಿಟ್ಟ.

“ಅಪ್ಪನ ಗಿಡ ಹಾಳು ಮಾಡಿದ ಕೈ ಅಪ್ಪನ್ನ ಮುಟ್ಟಬಾರ್ದು,” ಎಂದ ಮಗ.

ತಾಯಿ ಎದ್ದು ಒಳಗೆ ಹೋಗಿ, ತುಂಬಿದ ಚೊಂಬು ತಂದಳು.

“ಅತ್ತಿಗೇ, ಈಗೆಂಥದು ನೀರು?” ಎಂದಳು ಸತ್ತವನ ತಂಗಿ.

ಅವಳು ಪೊದೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ತನ್ನ ಹೆಗಲ ಟವೆಲ್ಲನ್ನು ಚೊಂಬಿನ ಬಾಯಿಗೆ ಸುತ್ತಿ, ಅದರ ತುದಿಯನ್ನು ಮಣ್ಣಿಗೆ ತಾಗಿಸಿದಳು. ನೋಡದೆಯೇ ಎಡಗೈಯನ್ನು ಕೊಂಬೆಗಳ ನಡುವೆ ತೂರಿಸಿದಳು. ಒಂದು ಮುಳ್ಳೂ ಗೀರಲಿಲ್ಲ. ಬಟ್ಟೆಗುಂಟ ಇಳಿದ ನೀರು ಹನಿಯಷ್ಟೂ ಸದ್ದು ಮಾಡಲಿಲ್ಲ.

ಮಗ ಆ ಟವೆಲ್ಲನ್ನು ನೋಡುತ್ತ ನಿಂತ. ಸೋದರತ್ತೆಯ ಪಿಸುಮಾತು ಅರ್ಧಕ್ಕೇ ನಿಂತಿತು.

ಬುಡ ತುಂಬಿದ ನೀರು ಗೇಟಿನಡಿಯಿಂದ ಹರಿದು ದರ್ಜಿಯ ಚಪ್ಪಲಿ ಮುಟ್ಟಿತು. ಅವನು ಕಾಲು ಹಿಂದೆಗೆಯಲಿಲ್ಲ. ಮುಖ ಮಾತ್ರ, ಎಂದಿನಂತೆ, ಆಚೆ ತಿರುಗಿಸಿಕೊಂಡ.

ಮಗನ ಕೈಯಡಿ ಚಿಲಕ ಕಿರ್ರೆಂದು ಸರಿಯಿತು.