ಕಮಲಾಪುರದ ನಕ್ಷೆಯಲ್ಲಿ ಒಂದು ಚಹಾ ಅಂಗಡಿ

೧

ಒಂದು ತಾಸು ಇಂಟರ್‌ನೆಟ್ಟಿಗೆ ಹದಿನೈದು ರೂಪಾಯಿ. ಅರ್ಧ ತಾಸಾದರೆ ಹತ್ತು. ಪ್ರಿಂಟ್ ಒಂದಕ್ಕೆ ಐದು, ಬಣ್ಣದ್ದಾದರೆ ಹದಿನೈದು. ಫ್ಯಾನಿನ ಕೆಳಗೆ ಸುಮ್ಮನೆ ಕುಳಿತರೆ ಏನೂ ಇಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಜೇವರ್ಗಿ ಕಾಲೋನಿಯ ನನ್ನ ಸೈಬರ್ ಕೆಫೆಯ ದರ ಇದು.

ಕಥೆಯನ್ನು ದರಪಟ್ಟಿಯಿಂದ ಶುರು ಮಾಡಬಹುದೇ? ನನಗೆ ಗೊತ್ತಿಲ್ಲ. ನಾನು ಇಂದೂಬಾಯಿ, ಮೊದಲು ಎಸ್‌ಟಿಡಿ ಬೂತು, ಆಮೇಲೆ ಕಂಪ್ಯೂಟರು ಇಟ್ಟುಕೊಂಡು ಹದಿನೆಂಟು ವರ್ಷ ಅಂಗಡಿ ನಡೆಸಿದವಳು. ಬಂದವರಿಗೆ ಬಾಗಿಲಲ್ಲೇ ದರ ಹೇಳಿಬಿಟ್ಟರೆ ಆಮೇಲೆ ಜಗಳವಿಲ್ಲ. ನಿಮಗೂ ಹೇಳಿಬಿಡುತ್ತೇನೆ: ಈ ಕಥೆಗೆ ನಿಮ್ಮ ಹತ್ತು ನಿಮಿಷ ಹೋಗುತ್ತದೆ, ಪೂರ್ತಿ ಮುಗಿದ ಸಮಾಧಾನ ಸಿಗುವುದಿಲ್ಲ. ಒಪ್ಪಿಗೆಯಿದ್ದರೆ ಕುಳಿತುಕೊಳ್ಳಿ.

೨

(ಇಲ್ಲೊಂದು ಕರಡು ಇತ್ತು. "ಮಾಹಿತಿ ತಂತ್ರಜ್ಞಾನದ ಈ ಯುಗದಲ್ಲಿ" ಎಂದು ಶುರುವಾಗುತ್ತಿತ್ತು. ಓದಿದರೆ ನನಗೇ ಆಕಳಿಕೆ ಬಂತು. ಹರಿದೆ.)

ಎಲ್ಲರೂ ಏನನ್ನಾದರೂ ಹುಡುಕಲು ತೆರೆಯುವ ಆ ದೊಡ್ಡ ಕಂಪನಿ ಇದೆಯಲ್ಲ, ಅದು ಎರಡು ಮೂರು ತಿಂಗಳಿಗೊಂದು ಹೊಸದನ್ನು ಬಿಡುತ್ತಿತ್ತು. ಮೊದಲು ಇಮೇಲ್ ಅಂಚೆ. ಅದಕ್ಕೂ ಮೊದಲು ಜನ ವಾರಕ್ಕೊಮ್ಮೆ ಬಂದು, ಪೆಟ್ಟಿಗೆ ತುಂಬಿತೆಂದು ಹಳೆಯ ಪತ್ರ ಅಳಿಸಿ ಹೋಗುತ್ತಿದ್ದರು. ಕಂಪನಿ ಎಷ್ಟು ಜಾಗ ಕೊಟ್ಟಿತೆಂದರೆ ಅಳಿಸುವ ಕೆಲಸವೇ ನಿಂತಿತು, ನನಗೆ ವಾರದ ಗಿರಾಕಿಗಳು ಹೋದರು. ಆಮೇಲೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಸೌಕರ್ಯ. ಆಮೇಲೆ ನಕ್ಷೆ.

ಇಂಟರ್‌ನೆಟ್ ಅಂದರೆ ಎಲ್ಲೋ ಕುಳಿತವರು ಬರೆದದ್ದನ್ನು ನಾವು ಓದುವುದು ಎಂದುಕೊಂಡಿದ್ದೆ. ನಕ್ಷೆ ಬಂದ ಮೇಲೆ ಕಂಪನಿ ನಮ್ಮನ್ನೇ ಕೇಳಿತು: ಇಲ್ಲಿ ಏನಿದೆ, ನೀವೇ ಹೇಳಿ. ಸಂಬಳವಿಲ್ಲದೆ ನಮ್ಮಿಂದ ಕೆಲಸ ತೆಗೆಸುತ್ತಿದ್ದಾರೆಂದು ನನಗೆ ಅವತ್ತೇ ತಿಳಿಯಿತು. ಆದರೂ ಮಾಡಿದೆ. ನಮ್ಮ ಓಣಿ ಬರೀ ಬೂದು ಬಣ್ಣವಾಗಿ ಕಂಡರೆ ಸುಮ್ಮನಿರಲು ಆಗುವುದಿಲ್ಲ.

೩

ಪಕ್ಕದ ಕ್ಲಿನಿಕ್ಕಿನಲ್ಲಿ ಆಯಾ ಕೆಲಸ ಮಾಡುವ ಮಾನಮ್ಮ ಬಂದಳು.

(ಕಥೆಗಳಲ್ಲಿ "ಬಂದಳು" ಎನ್ನುವುದು ರೂಢಿ. ನನ್ನ ವಯಸ್ಸಿನವರು, ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೋಗಿ ದುಡಿಯುವವರು. ತಿದ್ದುತ್ತೇನೆ: ಬಂದರು.)

ಬುಧವಾರ ಮಧ್ಯಾಹ್ನ, ಬುತ್ತಿ ಉಂಡು, ಫ್ಯಾನಿನ ಗಾಳಿಗೆಂದು ಬಂದರು. ನಾನು ಆಕಾಶದಿಂದ ತೆಗೆದ ಚಿತ್ರದ ಮೇಲೆ ನಕ್ಷೆಗೆಂದು ರಸ್ತೆಯ ಗೆರೆ ಎಳೆಯುತ್ತಿದ್ದೆ.

"ನಮ್ಮ ಕಮಲಾಪುರ ತೋರಿಸ್ತದೇನ್ರಿ ಬಾಯಾರ ಇದು?"

ತೋರಿಸಿದೆ. ಹೆದ್ದಾರಿ ಹಿಡಿದು ಬೆರಳು ಸರಿಸುತ್ತ ಹೋದವರು ಒಂದು ಕಡೆ ನಿಲ್ಲಿಸಿದರು. ಅಲ್ಲಿ ಒಂದು ಬಿಳಿ ಚುಕ್ಕೆ, ಅಕ್ಕಿಕಾಳಿನಷ್ಟು.

"ಇದು ನಮ್ಮ ಚಾದಂಗಡಿ ತಗಡಿನ ಪತ್ರಾ ರೀ."

ರಸ್ತೆ ಅಗಲ ಮಾಡುವಾಗ ಅವರ ಗಂಡನ ಚಹಾ ಅಂಗಡಿ ಹೋಗಿ ಎರಡು ವರ್ಷವಾಗಿತ್ತು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಕಂಪನಿಯ ಚಿತ್ರ ಹಳೆಯದು. ಅದರಲ್ಲಿ ಅಂಗಡಿಯ ತಗಡು ಇನ್ನೂ ಬಿಸಿಲಿಗೆ ಹೊಳೆಯುತ್ತಿತ್ತು. ಪಕ್ಕದಲ್ಲೊಂದು ಸಣ್ಣ ನೆರಳು.

(ಮೊದಲ ಕರಡಿನಲ್ಲಿ ಮಾನಮ್ಮ ಇಲ್ಲಿ ಅಳುತ್ತಾರೆ. ಅವರಿಗೆ ಓದಿ ಹೇಳಿದೆ. "ನಾ ಎಲ್ಲಿ ಅತ್ತೀನ್ರಿ? ಆ ನೆರಳು ಬೇವಿನ ಗಿಡದ್ದೋ ಮಂದೀದೋ ಅಂತ ನೋಡಾಕತ್ತಿದ್ದೆ. ನನ್ನ ಕಥಿ ಬರೀತೀರಿ ಅಂದ್ರ ನನ್ನ ಕೇಳಿ ಬರೀರಿ." ಅಳು ತೆಗೆದೆ.)

೪

ಚುಕ್ಕೆಯ ಮೇಲೆ ಒತ್ತಿದರೆ ಒಂದು ಖಾನೆ ತೆರೆಯಿತು: ಈ ಜಾಗದ ಹೆಸರೇನು?

"ಹೇಳ್ರಿ ಮಾನಮ್ಮ, ಬರೀತೀನಿ."

"ನಮ್ಮ ಯಜಮಾನರ ಅಂಗಡಿ."

"ಅವರ ಹೆಸರು?"

ಮಾನಮ್ಮ ಸೆರಗು ಸರಿಮಾಡಿಕೊಂಡು ಗೋಡೆ ನೋಡಿದರು. ಗಂಡನ ಹೆಸರನ್ನು ಬಾಯಿಂದ ಹೇಳುವವರಲ್ಲ. ನಾನೂ ಒತ್ತಾಯಿಸಲಿಲ್ಲ, ನಮ್ಮ ಮನೆಯಲ್ಲೂ ಅದೇ ರೂಢಿ. ಅವರು ಹೇಳಿದ್ದನ್ನೇ ಹಾಗೇ ಬರೆದು ಒತ್ತಿಬಿಟ್ಟೆ. ಇಡೀ ಜಗತ್ತಿನ ನಕ್ಷೆಯಲ್ಲಿ, ಕಮಲಾಪುರದ ಹೆದ್ದಾರಿ ಬದಿಗೆ: ನಮ್ಮ ಯಜಮಾನರ ಅಂಗಡಿ.

ಮರುದಿನ ಬಂದವನು ಫಕ್ರುದ್ದೀನ್. ಕಮಲಾಪುರದ ಬಾಳೆ ತೋಟಗಳಿಗೆ ಗೊಬ್ಬರ ಮಾರುವವನು. ತೆರೆ ನೋಡಿ ಕುರ್ಚಿ ಹಿಡಿದು ನಕ್ಕ.

"ಅಕ್ಕಾರ, ಯಾರ ಯಜಮಾನ? ಅಮೇರಿಕಾದಾಗ ಕುಂತು ಇದನ್ನ ಓದಿದಾಕೀನೂ ನಮ್ಮ ಯಜಮಾನಂದ ಅಂತಾಳ. ಅದು ಮಾಪಣ್ಣನ ಅಂಗಡಿ ಅಲ್ಲೇನು? ಎಷ್ಟು ಚಾ ಕುಡದೀನಿ ಅಲ್ಲಿ."

ಹೀಗೆ ನನಗೆ ಹೆಸರು ಸಿಕ್ಕಿತು. ತಿದ್ದಿದೆ: ಮಾಪಣ್ಣನ ಚಹಾ ಅಂಗಡಿ.

ಅಂದಿನಿಂದ ಮಾನಮ್ಮ ಪ್ರತಿ ಬುಧವಾರ ಬಂದು ತಗಡು ನೋಡಿಕೊಂಡು ಹೋಗುತ್ತಿದ್ದರು. ಅವರ ಬಳಿ ಗಂಡನದಾಗಲಿ ಅಂಗಡಿಯದಾಗಲಿ ಫೋಟೋ ಇರಲಿಲ್ಲ. ಇದೊಂದೇ ಇತ್ತು.

೫

(ಇದನ್ನು ಬರೆಯಲು ಮನಸ್ಸಿಲ್ಲ. ಐದನ್ನು ಬಿಟ್ಟು ಆರಕ್ಕೆ ಹೋದರೆ ನಿಮಗೆ ತಿಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.)

ಕಂಪನಿ ನಕ್ಷೆಯನ್ನು ಸುಧಾರಿಸಿತು. ಹೊಸ ಚಿತ್ರ, ಮೊದಲಿಗಿಂತ ಎಷ್ಟೋ ಸ್ಪಷ್ಟ. ರಸ್ತೆಯ ನಡುವಿನ ಬಿಳಿ ಗೆರೆಗಳನ್ನು ಎಣಿಸಬಹುದು. ತಗಡು ಇಲ್ಲ. ನೆರಳಿಲ್ಲ. ಖಾಲಿ ಡಾಂಬರಿನ ಮೇಲೆ ಹೆಸರೊಂದೇ ತೇಲುತ್ತಿತ್ತು.

ಮಾನಮ್ಮ ಹೆದ್ದಾರಿ ಹಿಡಿದು ಮತ್ತೊಮ್ಮೆ ಬೆರಳು ಸರಿಸಿದರು. "ಹಳೀದು ಎಲ್ಲಿ ಇಡ್ತಾರ್ರಿ ಇವರು?"

"ಗೊತ್ತಿಲ್ಲ, ಮಾನಮ್ಮ."

"ಹೆಸರಾದ್ರೂ ಉಳೀತಲ್ಲ," ಎಂದು ಡ್ಯೂಟಿಗೆ ಹೋದರು.

೬

ಹೆಸರಿದ್ದರೆ ಯಾರಿಗೇನು ತೊಂದರೆ ಎಂದು ನೀವೂ ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಕಡೆ ದಾರಿ ಹೇಳುವಾಗ ಇದ್ದದ್ದಕ್ಕಿಂತ ಇಲ್ಲದ್ದನ್ನೇ ಹೆಚ್ಚು ಹೇಳುತ್ತೇವೆ. ಕಡಿದ ಬೇವಿನ ಗಿಡದ ಬಲಕ್ಕೆ, ಮುಚ್ಚಿದ ಗಿರಣಿಯ ಹಿಂದೆ. ಕೇಳುವವನೂ ಊರಿನವನೇ, ಅವನಿಗೆ ತಿಳಿಯುತ್ತದೆ. ಫಕ್ರುದ್ದೀನ್ ಹಾಗೇ ತನ್ನ ಹೊಸ ಜೊತೆಗಾರ ಇಮಾಮುದ್ದೀನನಿಗೆ, "ಮಾಪಣ್ಣನ ಅಂಗಡಿ ಹತ್ತರ ನಿಂದ್ರು, ಬರ್ತೀನಿ" ಅಂದಿದ್ದ. ಹೊಸಬ ರಾಯಚೂರಿನವನು. ನನ್ನಲ್ಲಿಗೇ ಬಂದು ಐದು ರೂಪಾಯಿ ಕೊಟ್ಟು ನಕ್ಷೆಯ ಪ್ರಿಂಟ್ ಒಯ್ದ, ಏನು ಹುಡುಕಲು ಎಂದು ಹೇಳಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಲ್ಲಿ, ಕಾಗದ ಹಿಡಿದು, ಒಂದು ತಾಸು ಆ ಚಹಾ ಅಂಗಡಿ ಹುಡುಕಿದ.

ಫಕ್ರುದ್ದೀನ್ ಇದನ್ನು ನಗೆಯ ಮಾತಾಗಿ ಹೇಳುತ್ತಿದ್ದಾಗ ಮಾನಮ್ಮ ಅಲ್ಲೇ ಕುಳಿತಿದ್ದರು.

"ನೀರಾದ್ರೂ ಸಿಕ್ಕಿತೇನು ಅವನಿಗಿ?"

"ಎಲ್ಲಿಂದು ನೀರು? ನಾ ಹೋಗೂದ್ರಾಗ ಕರ್ರಗ ಸುಟ್ಟ ಬದ್ನಿಕಾಯಿ ಆಗಿದ್ದ."

ಅವನು ಹೋದ ಮೇಲೆ ಮಾನಮ್ಮ ನನ್ನ ಕಡೆ ತಿರುಗಿದರು. "ತಗೀರಿ ಬಾಯಾರ ಅದನ್ನ."

"ಯಾಕ? ಇರ್ಲಿ ಬಿಡ್ರಿ. ಇನ್ನೇನು ಉಳದದ ನಿಮಗ?"

"ಅವರ ಹೆಸರು ಓದಿ ಬಂದಾಂವ ಬಾಯಿ ಒಣಗಿಸ್ಕೊಂಡು ಹೋದ. ಅವರಿದ್ದಾಗ ಹಂಗ ಒಬ್ಬರೂ ಹೋಗಿಲ್ಲ. ಹಿಂಗ ಉಳಿಯೂದು ಬ್ಯಾಡ."

ಬರೆಯುವವಳು ನಾನು, ಮೌಸ್ ನನ್ನ ಕೈಯಲ್ಲಿದೆ, ಬೇಕಾದರೆ ಇಲ್ಲಿ ಮಾನಮ್ಮನ ಮನಸ್ಸು ಬದಲಿಸಬಹುದಿತ್ತು. ಬದಲಿಸಲಿಲ್ಲ. ಅಳಿಸಿದೆ.

೭

ಒಂಬತ್ತು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ: ಮಾಪಣ್ಣ ಹೋಟೆಲ್.

"ನೀವೇ ಹಾಕೀರಿ," ಮಾನಮ್ಮ ಅಂದರು.

"ನಾ ಅಲ್ಲ."

"ಫಕ್ರುದ್ದೀನ್ ಭಾಯ್?"

"ಅಂವಗ ಮೌಸ್ ಹಿಡ್ಯಾಕ ಬರೂದಿಲ್ಲ."

ಮತ್ತೆ ಅಳಿಸಿದೆ. ತಿಂಗಳೊಳಗೆ ಮತ್ತೆ ಬಂತು. ಈ ಸಲ: ಮಾಪಣ್ಣ ಸ್ಟಾಪ್. ಅಲ್ಲಿ ಬಸ್ಸೇನೋ ನಿಲ್ಲುತ್ತದೆ.

ಯಾರು? ಮೂರು ಮುಕ್ತಾಯಗಳನ್ನು ಬರೆದೆ. ಮೊದಲನೆಯದರಲ್ಲಿ, ಮಾಪಣ್ಣ ಪುಕ್ಕಟೆ ಚಹಾ ಕೊಟ್ಟು ಓದಿಸಿದ ವಿದ್ಯಾರ್ಥಿಯೊಬ್ಬ ದೂರದಿಂದ ಹಾಕುತ್ತಿದ್ದಾನೆ. ಮಾನಮ್ಮ ಕೇಳಿ, "ಪುಕ್ಕಟೆ? ಅವರು ನನಗೂ ಕೊಟ್ಟಿಲ್ಲ ರೀ" ಅಂದರು. ಎರಡನೆಯದರಲ್ಲಿ ಒಬ್ಬ ಬಸ್ ಕಂಡಕ್ಟರ್. ಇದು ನನಗೆ ಇಷ್ಟವಾಗಿತ್ತು, ಆದರೆ ಪುರಾವೆ ಇಲ್ಲ. ಮೂರನೆಯದರಲ್ಲಿ ಮಾನಮ್ಮನೇ ಕಮಲಾಪುರದ ಒಂದು ಕೆಫೆಗೆ ಹೋಗಿ ಹಾಕಿಸುತ್ತಿದ್ದಾರೆ. ಅದನ್ನೂ ಅವರಿಗೆ ಓದಿ ಹೇಳಿದೆ. "ಅಲ್ಲಿ ತಾಸಿಗಿ ಇಪ್ಪತ್ತು ತಗೋತಾರ್ರಿ" ಎಂದಷ್ಟೇ ಹೇಳಿದರು. ಅವರಿಗೆ ಅಲ್ಲಿಯ ದರ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

"ತಗೀಲೇನು ಮತ್ತ?"

ಮಾನಮ್ಮ ತೆರೆಯ ಹತ್ತಿರ ಬಗ್ಗಿದರು. "ಇರ್ಲಿ. ಸ್ಟಾಪ್ ಅಂತ ಬರದಾರಲ್ಲ. ಸ್ಟಾಪಿನ್ಯಾಗ ಯಾರೂ ಚಾ ಕೇಳೂದಿಲ್ಲ."

ಇದನ್ನು ಮುಕ್ತಾಯ ಎನ್ನಲಾರೆ. ಯಾರು ಬೇಕಾದರೂ ಹಾಕಬಹುದಾದದ್ದನ್ನು ಯಾರು ಬೇಕಾದರೂ ಅಳಿಸಬಹುದು, ಓದುತ್ತಿರುವ ನೀವೂ. ಕಂಪನಿಯೂ ನಾಳೆ ಇನ್ನೊಂದು ಹೊಸದನ್ನು ಬಿಟ್ಟು ನಕ್ಷೆಯನ್ನೇ ಎತ್ತಿಬಿಡಬಹುದು.

ಇವತ್ತಿನ ಮಟ್ಟಿಗೆ ಇಷ್ಟು. ಮಾನಮ್ಮ ತಗಡಿನ ಚಿತ್ರವನ್ನು ಕಳೆದುಕೊಂಡರು, ಅದು ಮತ್ತೆ ಸಿಗಲಿಲ್ಲ. ಅದರ ಒಂದು ಪ್ರಿಂಟ್ ತೆಗೆದಿಡಬೇಕೆಂದು ನನಗೆ ಹೊಳೆಯಲಿಲ್ಲ, ಅಷ್ಟು ಬುಧವಾರಗಳಲ್ಲಿ ಒಂದು ದಿನವೂ. ಸಿಕ್ಕಿದ್ದು, ಬಸ್ಸು ನಿಲ್ಲುವ ಜಾಗಕ್ಕೆ ಒಂದು ಹೆಸರು.